ಏಳು ಅಡಿ ದೂರ

ಹೋದ ತಿಂಗಳು ಹಾವೇರಿಯ ನಮ್ಮ ಮನೆಗೆ ಇಂಟರ್ನೆಟ್ ಜೋಡಿಸಲು ಒಬ್ಬರು ಬಂದಿದ್ದರು. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು, ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯನ್ನು ತೂಗುಹಾಕಿ, ಕೈ ಒರೆಸಿಕೊಳ್ಳುತ್ತ ಹೇಳಿದರು:

"ಸರ್, ಇದು ಬರೇ ನೆಟ್ ಕೊಡೂ ಡಬ್ಬಿ ಅಲ್ರಿ. ಖೋಲ್ಯಾಗ ಯಾರರ ಅದಾರೇನು, ಎಷ್ಟ ದೂರ ಅದಾರ, ಎಲ್ಲಾ ಇದಕ್ಕ ಗೊತ್ತಾಕ್ಕೈತಿ. ಕ್ಯಾಮೆರಾ ಇಲ್ಲ, ಏನಿಲ್ಲ. ಬರೇ ಸಿಗ್ನಲ್‌ನಿಂದ. ಈಗಷ್ಟ ಕಂಡುಹಿಡದಾರ್ರಿ, ಭಾಳ ಹೊಸಾದು."

"ಹೊಸಾದಲ್ಲ!" ಎಂದೆ.

ನಾನು ಎಣಿಸಿದ್ದಕ್ಕಿಂತ ಧ್ವನಿ ಜೋರಾಗಿತ್ತು. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. ಆ ಮನುಷ್ಯ ತಾನೇನು ತಪ್ಪು ಹೇಳಿದೆ ಎಂದು ತಿಳಿಯದೆ ನಿಂತಿದ್ದರು. "ಹೊಸಾದಲ್ಲಪಾ," ಎಂದೆ ಮತ್ತೆ. "ನಾ ನೌಕರಿ ಮಾಡತಿದ್ದಾಗ ರಾಣೆಬೆನ್ನೂರಾಗ ಒಬ್ಬ ಹೆಣ್ಣಮಗಳು ಇದನ್ನ ಮಾಡಿದ್ದಳು. ಹಾಲಿನ ಪುಡಿ ಡಬ್ಬ್ಯಾಗ." ಅವರು "ಹೌದ್ರಿ?" ಎಂದು ನಕ್ಕು, ಸಹಿ ಮಾಡಿಸಿಕೊಂಡು ಹೋದರು. ನಂಬಲಿಲ್ಲ. ಯಾಕೆ ನಂಬಬೇಕು? ಅದು ಎಲ್ಲಿಯೂ ಬರೆದಿಲ್ಲ. ಬರೆದಿರುವ ಕಡೆ ಬೇರೆ ಹೆಸರಿದೆ.

ಅಂದಿನಿಂದ ಆ ಪೆಟ್ಟಿಗೆಯ ಮುಂದೆ ಹಾದುಹೋದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುವಂತಾಗುತ್ತಿದೆ.

ಆಗ ನಾನು ರಾಣೆಬೆನ್ನೂರಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಉಪನ್ಯಾಸಕನಾಗಿದ್ದೆ. ಆ ಹೆಣ್ಣುಮಗಳು ಅದೇ ವಿಭಾಗದ ಲ್ಯಾಬ್ ಇನ್‌ಸ್ಟ್ರಕ್ಟರ್. ವಿದ್ಯಾರ್ಥಿಗಳು, ಜವಾನರು, ನಾವು, ಎಲ್ಲರೂ ಅವರನ್ನು ಲ್ಯಾಬಿನ ಅಕ್ಕೋರು ಎನ್ನುತ್ತಿದ್ದೆವು. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಕದರಮಂಡಲಗಿ ಕಡೆಯ ಮನೆತನ, ಇದ್ದದ್ದು ಬ್ಯಾಡಗಿಯಲ್ಲಿ. ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಗಳಿಗೆ ಡಿಪ್ಲೊಮಾ ಓದಿಸಿದ್ದರು. ಮಗಳೂ ರಜೆಯಲ್ಲಿ ತಾಯಿಯ ಪಕ್ಕ ಕೂತು ತೊಟ್ಟು ಬಿಡಿಸಿಯೇ ಓದಿದವರು. ಬೆರಳಿನ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಬಿಸಿ ಸೋಲ್ಡರಿಂಗ್ ಕಡ್ಡಿ ತಾಗಿದರೂ ಅವರು ಕೈ ಕೊಡವುತ್ತಿರಲಿಲ್ಲ. ತುರುಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಹೊಸದಾಗಿ ಬಂದ ವಿದ್ಯಾರ್ಥಿಗಳು ಅದನ್ನು ಕಂಡು ನಗುತ್ತಿದ್ದರು, ಮಲ್ಟಿಮೀಟರ್ ಚಾಲೂ ಬಿಟ್ಟು ಹೋಗಿ ಒಮ್ಮೆ ಅವರ ಕೈಗೆ ಸಿಕ್ಕ ಮೇಲೆ ನಗುತ್ತಿರಲಿಲ್ಲ.

ನಾನು ಬೆಳಗಿನ ಪ್ಯಾಸೆಂಜರ್ ಗಾಡಿಯನ್ನು ಹಾವೇರಿಯಲ್ಲಿ ಹತ್ತುತ್ತಿದ್ದೆ, ಅವರು ಬ್ಯಾಡಗಿಯಲ್ಲಿ. ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿ ಸ್ಟೇಷನ್ ಬರುವ ಮೊದಲೇ ಗಾಡಿಯೊಳಗೆ ಘಾಟು ನುಗ್ಗಿ ಎಲ್ಲರೂ ಸೀನುತ್ತಿದ್ದರು. ಅವರು ಮಾತ್ರ ಆರಾಮಾಗಿ ಹತ್ತಿ, ಎದುರು ಕೂತು, ಡಬ್ಬಿ ತೆಗೆದು, "ತಗೋರಿ ಸರ್ರ, ರೊಟ್ಟಿ ಮೆತ್ತಗದಾವು" ಎನ್ನುತ್ತಿದ್ದರು. ಆ ಗಾಡಿಯಲ್ಲೇ ಅವರು ತಾಯಿಯ ಸಂಗತಿ ಹೇಳಿದ್ದು.

ಬ್ಯಾಡಗಿಯ ಅಂಚಿನ ಒಂದು ಖಾಸಗಿ ಗೋದಾಮಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಸುತ್ತ ಚೀಲಗಳ ಒಟ್ಟಿಲು. ಗಾಳಿಯ ತುಂಬ ಕೆಂಪು ಧೂಳು. ಒಂದು ಮಧ್ಯಾಹ್ನ ಲೋಡಿಗೆ ಬಂದ ಲಾರಿ ಹಿಂದಕ್ಕೆ ಸರಿಯಿತು. ಹಿಂದೆ ನಿಂತು ದಾರಿ ಹೇಳಬೇಕಾದ ಕ್ಲೀನರ್ ಘಾಟಿಗೆ ಕಣ್ಣು ಮುಚ್ಚಿ ಕೆಮ್ಮುತ್ತಿದ್ದ. ಚೀಲಗಳ ಮರೆಯಲ್ಲಿ ಕೂತಿದ್ದ ತಾಯಿ ಡ್ರೈವರನಿಗೆ ಕಾಣಲಿಲ್ಲ. ಬಲಗಾಲು ಮೊಣಕಾಲಿನ ತನಕ ಹೋಯಿತು. ಗೋದಾಮಿನವರು ಆಸ್ಪತ್ರೆಗೆ ಸೇರಿಸಿ, ಮಾರನೆಯ ದಿನ ಆ ಜಾಗದಲ್ಲಿ ಬೇರೊಬ್ಬ ಹೆಂಗಸನ್ನು ಕೂಡಿಸಿದರು.

"ಡ್ರೈವರನ ಮ್ಯಾಲೆ ಸಿಟ್ಟು ಬರಲಿಲ್ಲೇನ್ರಿ?" ಎಂದು ಕೇಳಿದ್ದೆ.

"ಅವರು ನಮ್ಮ ಓಣಿಯವರ ರಿ, ಚಾಚಾ. ತಿಂಗಳಾನಗಟ್ಟಲೆ ಊಟ ಬಿಟ್ಟಿದ್ರು. ಅವರಿಗೆ ಕಾಣಲಿಲ್ಲ. ಕಾಣೂ ಹಂಗ ಮಾಡಬೇಕಲ್ಲರಿ?"

ಹಾಗೆಂದರೆ ಏನು ಎಂದು ನಾನು ಕೇಳಲಿಲ್ಲ. ಗಾಡಿ ರಾಣೆಬೆನ್ನೂರು ಮುಟ್ಟಿತ್ತು...

ಎರಡು ಸಾವಿರದ ಆರೋ ಏಳೋ ಇರಬೇಕು, ಕಾಲೇಜಿಗೆ ಮೊದಲ ವೈ-ಫೈ ರೌಟರ್ ಬಂತು. ಅದನ್ನು ನಮ್ಮ ಲ್ಯಾಬಿನಲ್ಲಿಟ್ಟರು. ಬಂದ ವಾರವೇ ದೂರು ಶುರುವಾಯಿತು. ಸಿಗ್ನಲ್ ಒಮ್ಮೆ ಜೋರು, ಒಮ್ಮೆ ಕಡಿಮೆ. ಕೆಟ್ಟ ಮಾಲು ಕೊಟ್ಟಿದ್ದಾರೆ, ಹಿಂದಕ್ಕೆ ಕಳಿಸಿ ಎಂದು ನಾನೇ ಚೀಟಿ ಬರೆದೆ. ಸಂಜೆ ಅಕ್ಕೋರು ಆ ಚೀಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು.

"ಸರ್ರ, ಇದು ಕೆಟ್ಟಿಲ್ಲರಿ. ಇದು ನಮ್ಮನ್ನ ನೋಡಾಕತ್ತೈತಿ."

ನಾನು ನಕ್ಕೆ. ಅವರು ನಗಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋದರು. ರೌಟರಿನ ಮುಂದೆ ಹಾಲಿನ ಪುಡಿಯ ಖಾಲಿ ಡಬ್ಬಿ ಕಟ್ಟಿದ್ದರು, ಸಿಗ್ನಲ್ ಒಂದೇ ದಿಕ್ಕಿಗೆ ಹೋಗಲಿ ಎಂದು. ಪಕ್ಕದಲ್ಲಿ ಒಂದು ಚಿಕ್ಕ ಡಯೋಡು, ಅದಕ್ಕೆ ಜೋಡಿಸಿದ ಹಳೆಯ ಮುಳ್ಳಿನ ಮೀಟರು. ನನ್ನ ಕೈಗೆ ಚಹಾದ ತಗಡಿನ ಟ್ರೇ ಕೊಟ್ಟು, ಎದೆಗೆ ಹಿಡಿದು ಮೆಲ್ಲಗೆ ಹತ್ತಿರ ಬರಲು ಹೇಳಿದರು. ನಾನು ಬರುತ್ತಿದ್ದಂತೆ ಮುಳ್ಳು ಏಳುತ್ತಿತ್ತು, ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು. ಸರಿಯಾಗಿ ನಾಲ್ಕು ಬೆರಳು ಸರಿದರೆ ಒಂದು ಸಲ.

ಹೋಗುವ ಸಿಗ್ನಲ್ಲೂ, ಎದುರಿನ ವಸ್ತುವಿಗೆ ಬಡಿದು ತಿರುಗಿ ಬರುವ ಸಿಗ್ನಲ್ಲೂ ಕೂಡಿಕೊಂಡರೆ ಬಲ ಹೆಚ್ಚು. ಒಂದನ್ನೊಂದು ಕಳೆದರೆ ಕಡಿಮೆ. ಇದನ್ನು ನಾನು ಹತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು.

ಆದರೆ ಇದರಿಂದ ಎಷ್ಟು ಸರಿದರು ಎಂದು ತಿಳಿಯುತ್ತದೆಯೇ ಹೊರತು ಎಷ್ಟು ದೂರ ಇದ್ದಾರೆ ಎಂದು ತಿಳಿಯುವುದಿಲ್ಲ. ಆ ಗಂಟನ್ನು ಬಿಡಿಸಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ರೌಟರಿಗೆ ಒಂದರಿಂದ ಹನ್ನೊಂದರ ತನಕ ಚಾನೆಲ್ಲುಗಳಿರುತ್ತವೆ, ಪಕ್ಕದ ಮನೆಯ ಸಿಗ್ನಲ್ ಅಡ್ಡ ಬಂದರೆ ಬದಲಿಸಿಕೊಳ್ಳಲು. ಅವರು ವಸ್ತುವನ್ನು ಅಲುಗಿಸದೆ ಚಾನೆಲ್ಲನ್ನೇ ಒಂದೊಂದಾಗಿ ಬದಲಿಸುತ್ತ ಹೋದರು. ಗೋಡೆ ಹತ್ತು ಅಡಿ ದೂರ ಇದ್ದರೆ ಒಂದರಿಂದ ಹನ್ನೊಂದಕ್ಕೆ ಹೋಗುವಷ್ಟರಲ್ಲಿ ಮುಳ್ಳು ಒಂದು ಸಲ ಎದ್ದು ಬೀಳುತ್ತಿತ್ತು. ಇಪ್ಪತ್ತು ಅಡಿ ಇದ್ದರೆ ಎರಡು ಸಲ. ಅಷ್ಟೇ. ಎಣಿಸಿದರೆ ದೂರ ಸಿಕ್ಕಿತು! ಅವರು ಲ್ಯಾಬಿನ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಟೇಪು ಹಿಡಿದು, ನೂರಾರು ಸಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

"ಸರ್ರ, ಕಟ್ಟಿಗಿ, ಪರದೆ, ಒಣಾ ಚೀಲ, ಇವನ್ನೆಲ್ಲಾ ಹಾದ ಹೋಕ್ಕೈತಿ. ಮನಶ್ಯಾರ ಮೈಯಾಗ ನೀರ ಇರತೈತಲ್ಲರಿ, ಅದಕ್ಕ ಬಡದು ತಿರಗತೈತಿ," ಎಂದರು ಒಂದು ದಿನ. "ಅಂದರ ಚೀಲದ ಹಿಂದ ಕುಂತವರೂ ಕಾಣ್ತಾರ."

ಆಗ ನನಗೆ ಗಾಡಿಯಲ್ಲಿ ಅವರು ಹೇಳಿದ ಮಾತಿನ ಅರ್ಥವಾಯಿತು.

ಒಂದು ಭಾನುವಾರ ಬ್ಯಾಡಗಿಗೆ ಕರೆದರು. ಅವರ ಓಣಿಯ ಕೊನೆಯ ಬಯಲಿನಲ್ಲಿ ಲಾರಿ ನಿಂತಿತ್ತು. ಅದನ್ನು ತಂದವರು ಅದೇ ಚಾಚಾ. ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಲಾರಿಯ ಹಿಂಬದಿಗೆ ಡಬ್ಬಿ ಕಟ್ಟಿದ್ದರು. ಚಾನೆಲ್ಲು ತಾನಾಗಿಯೇ ಬದಲಾಗುವಂತೆ ಒಂದು ಚಿಪ್ಪಿಗೆ ಪ್ರೋಗ್ರಾಂ ಬರೆದಿದ್ದರು, ಸ್ಟೀರಿಂಗಿನ ಹತ್ತಿರ ಒಂದು ಬಜರ್. ಬಯಲಿನ ನಡುವೆ ಎದೆಯೆತ್ತರಕ್ಕೆ ಮೆಣಸಿನಕಾಯಿ ಚೀಲ ಒಟ್ಟಿದ್ದರು.

ಊರುಗೋಲು ಊರಿಕೊಂಡು ತಾಯಿ ಬಂದರು. ನನಗೆ ಗಾಬರಿಯಾಯಿತು. ಅವರು ಹೋಗಿ ಚೀಲಗಳ ಹಿಂದೆ ನೆಲದ ಮೇಲೆಯೇ ಕೂತರು. ಚಾಚಾ ಗಾಡಿ ಶುರು ಮಾಡಿದರು. ಲಾರಿ ಇಂಚು ಇಂಚಾಗಿ ಹಿಂದಕ್ಕೆ ಸರಿಯಿತು. ಇಪ್ಪತ್ತು ಅಡಿಗೆ ಬಜರ್ ಒಮ್ಮೆ ಕೂಗಿತು. ಹದಿನೈದಕ್ಕೆ ಬೇಗ ಬೇಗ. ಹತ್ತಕ್ಕೆ ಬಿಡದೆ ಕೂಗಿತು. ಚಾಚಾ ಬ್ರೇಕು ಒತ್ತಿ ಸ್ಟೀರಿಂಗಿನ ಮೇಲೆ ತಲೆಯಿಟ್ಟರು.

ಚೀಲದ ಹಿಂದಿನಿಂದ ತಾಯಿಯ ಧ್ವನಿ ಬಂತು: "ಈಗರ ಕಂಡ್ನೇನ, ಮಗಳ?"

"ಕಂಡಿ ಯವ್ವಾ," ಎಂದರು ಅಕ್ಕೋರು.

ನೋಡಲು ನೆರೆದ ಹೆಂಗಸರಲ್ಲಿ ತಾಯಿಯ ಗೆಳತಿಯೊಬ್ಬರಿದ್ದರು. ಗೋದಾಮಿನಲ್ಲಿ ವರ್ಷಗಟ್ಟಲೆ ತಾಯಿಯ ಪಕ್ಕವೇ ಕೂತು ತೊಟ್ಟು ಬಿಡಿಸಿದವರು. ತೆಳ್ಳನೆಯ, ಮಾತಿಗೊಮ್ಮೆ ನಗುವ ಹೆಂಗಸು. "ನಾ ಸಣ್ಣಾಕಿ, ನನ್ನನ್ನೂ ನೋಡತೈತೇನ ಅದು?" ಎಂದು ಓಡಿಹೋಗಿ ಚೀಲದ ಹಿಂದೆ ಅಡಗಿ ಕೂತರು. ಲಾರಿ ಸರಿಯಿತು. ಬಜರ್ ಕೂಗಿತು. ಅವರು ಎದ್ದು ನಿಂತು ಸೆರಗು ಕೊಡವಿ ಚಪ್ಪಾಳೆ ತಟ್ಟಿದರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ, ಇರಬಾರದಿತ್ತು.

ಇನ್ನು ನನಗೆ ಹೇಳಲು ಕಷ್ಟವಾಗುವ ಭಾಗ.

ಬೆಂಗಳೂರಿನಲ್ಲಿ ಪಾಲಿಟೆಕ್ನಿಕ್ಕುಗಳ ಒಂದು ಪ್ರದರ್ಶನವಿತ್ತು. ನಮ್ಮ ಪ್ರಿನ್ಸಿಪಾಲರು ಅದಕ್ಕೆ ಈ ಯಂತ್ರವನ್ನು ಕಳಿಸಬೇಕೆಂದರು. ಅಕ್ಕೋರು ಖುಷಿಯಿಂದ ಲಾರಿಯಿಂದ ಬಿಚ್ಚಿ ತಂದುಕೊಟ್ಟರು, ನೋಟ್‌ಬುಕ್ಕನ್ನೂ ಕೊಟ್ಟರು. ಎರಡು ದಿನದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಚೇಂಬರಿಗೆ ಕರೆಸಿ ಫಾರ್ಮು ಮುಂದಿಟ್ಟರು. ಪ್ರಧಾನ ಸಂಶೋಧಕ ಎಂಬಲ್ಲಿ ಅವರ ಹೆಸರು, ಸಹ ಸಂಶೋಧಕ ಎಂಬಲ್ಲಿ ನನ್ನ ಹೆಸರು. ಕೆಳಗೆ, ಸಣ್ಣ ಅಕ್ಷರದಲ್ಲಿ, 'ಲ್ಯಾಬ್ ಸಿಬ್ಬಂದಿಯ ನೆರವಿನೊಂದಿಗೆ'. ಅಲ್ಲಿ ಹೆಸರೂ ಇರಲಿಲ್ಲ.

"ಸರ್, ಇದು ಅಕ್ಕೋರು ಮಾಡಿದ್ದಲ್ಲೇನ್ರಿ?" ಎಂದೆ. ಅಷ್ಟಾದರೂ ಅಂದೆ.

"ನೋಡ್ರಿ, ಡಿಗ್ರಿ ಇಲ್ಲದವರ ಹೆಸರು ಹಾಕಿದ್ರ ಮೊದಲನೇ ಸುತ್ತಿನಾಗ ತಗದ ಒಗೀತಾರ. ಕಾಲೇಜಿಗೆ ಹೆಸರ ಬಂದ್ರ ಆಕಿಗೂ ಬಂದಂಗ. ಸಹಿ ಮಾಡ್ರಿ, ಲಗೂ ಕಳಸಬೇಕು."

ಆ ವರ್ಷ ನಮ್ಮ ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿ ಇತ್ತು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಸಹಿ ಮಾಡಿದೆ.

ಪ್ರಶಸ್ತಿ ಬಂತು. ಶಾಲು, ಫಲಕ, ಪತ್ರಿಕೆಯಲ್ಲಿ ಫೋಟೋ. ಫೋಟೋದಲ್ಲಿ ಪ್ರಿನ್ಸಿಪಾಲರು ಹಾಲಿನ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದಿದ್ದರು. ಅದರ ಬಾಯಿ ಯಾವ ಕಡೆ ಇರಬೇಕೆಂಬುದೂ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಾನು ಹಲ್ಲು ಬಿಟ್ಟು ನಿಂತಿದ್ದೆ. ಅಕ್ಕೋರನ್ನು ಬೆಂಗಳೂರಿಗೇ ಕರೆದೊಯ್ದಿರಲಿಲ್ಲ. ತಿರುಗಿ ಬಂದ ಮೇಲೆ ಯಂತ್ರವನ್ನು ಪ್ರಿನ್ಸಿಪಾಲರ ಚೇಂಬರಿನ ಗಾಜಿನ ಕಪಾಟಿನಲ್ಲಿ, ಫಲಕದ ಪಕ್ಕ ಇಟ್ಟು ಬೀಗ ಹಾಕಿದರು.

ಅಕ್ಕೋರು ಹೆಸರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಕೇಳಿದ್ದು ಯಂತ್ರವನ್ನು. ಸುಗ್ಗಿ ಶುರುವಾಗುತ್ತದೆ, ಗೋದಾಮಿಗೆ ದಿನಾಲೂ ಲಾರಿ ಬರುತ್ತವೆ, ಒಂದಕ್ಕಾದರೂ ಕಟ್ಟುತ್ತೇನೆ, ಕೊಡಿ ಎಂದರು. ಪ್ರಿನ್ಸಿಪಾಲರು ಕೊಡಲಿಲ್ಲ. ಕಾಲೇಜಿನ ರೌಟರಿನಿಂದ ಮಾಡಿದ್ದು, ಕಾಲೇಜಿನ ಆಸ್ತಿ. ತಪಾಸಣೆಗೆ ಬಂದವರಿಗೆ ತೋರಿಸಬೇಕು ಎಂದರು. ಅಕ್ಕೋರು ಅರ್ಜಿ ಕೊಟ್ಟರು. ಮತ್ತೆ ಕೊಟ್ಟರು. ನೋಟ್‌ಬುಕ್ಕನ್ನಾದರೂ ಕೊಡಿ ಎಂದು ಕೇಳಿದರು. ಅದೂ ಸಿಗಲಿಲ್ಲ.

ಕೊನೆಗೆ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತರು. ಇನ್‌ಸ್ಟ್ರಕ್ಟರುಗಳು ಅಲ್ಲಿ ಮಾತಾಡುವ ಪದ್ಧತಿಯೇ ಇರಲಿಲ್ಲ.

"ಪ್ರಿನ್ಸಿಪಾಲ್ ಸರ್, ಒಂದ ಮಾತ ಕೇಳತೇನಿ. ಚಾನೆಲ್ ಯಾಕ ಬದಲ ಮಾಡಬೇಕು? ಒಂದ ಚಾನೆಲ್ ಇಟ್ರ ಏನ ಆಕ್ಕಿತ್ತು? ಇಷ್ಟ ಹೇಳಿಬಿಡ್ರಿ, ನಾ ಕುಂದ್ರತೇನಿ."

ಪ್ರಿನ್ಸಿಪಾಲರ ಮುಖ ಕೆಂಪಾಯಿತು. "ಇದೇನ ಪರೀಕ್ಷಾ ಹಾಲ್ ಏನು?" ಎಂದರು.

ಅಕ್ಕೋರು ನನ್ನ ಕಡೆ ತಿರುಗಿದರು. "ಸರ್ರ, ನಿಮಗ ಗೊತ್ತೈತಿ. ಬ್ಯಾಡಗಿಗೆ ಬಂದಿದ್ರಿ. ನೀವರ ಹೇಳ್ರಿ ಯಾರ ಮಾಡಿದ್ದು ಅಂತ."

ನನ್ನ ಮುಂದೆ ಒಂದು ಹಾಜರಿ ಪುಸ್ತಕವಿತ್ತು. ನಾನು ಅದರ ಹಾಳೆ ತಿರುಗಿಸಿದೆ. ಒಂದು, ಎರಡು, ಮೂರು ಹಾಳೆ. ಅವರು ಕಾಯುತ್ತಲೇ ಇದ್ದರು. ಪ್ರಿನ್ಸಿಪಾಲರ ಮೇಲೆ ನನಗಿರುವ ಸಿಟ್ಟು ದೊಡ್ಡದೇ. ಆದರೆ ಆ ಮನುಷ್ಯ ಕದ್ದದ್ದು ತನಗೆ ಅರ್ಥವಾಗದ ವಸ್ತುವನ್ನು. ನನಗೆ ಎಲ್ಲವೂ ಅರ್ಥವಾಗಿತ್ತು. ನಾನು ಹಾಳೆ ತಿರುಗಿಸುತ್ತಿದ್ದೆ.

ಅಕ್ಕೋರು ಮೇಜಿನ ಮೇಲೆ ಲ್ಯಾಬಿನ ಕೀಲಿಗೊಂಚಲನ್ನು ಇಟ್ಟರು. ಇಟ್ಟದ್ದಲ್ಲ, ಒಗೆದರು. ಆ ಸದ್ದಿಗೆ ಎಲ್ಲರೂ ಬೆಚ್ಚಿದರು. "ಕಣ್ಣಿದ್ದೂ ಕಾಣದವರಿಗೆ ನನಗ ಏನೂ ಮಾಡಾಕ ಬರೂದಿಲ್ಲ," ಎಂದು ಹೊರಟುಹೋದರು. ಶಿಸ್ತು ಉಲ್ಲಂಘನೆ ಎಂದು ಮಾರನೆಯ ದಿನ ಕೆಲಸದಿಂದ ತೆಗೆದ ನೋಟೀಸು ಅವರ ಮನೆಗೆ ಹೋಯಿತು.

ಫೆಬ್ರುವರಿಯಲ್ಲಿ, ಮೆಣಸಿನಕಾಯಿ ಜೋರಾಗಿ ಬರುತ್ತಿದ್ದ ದಿನಗಳಲ್ಲಿ, ಅದೇ ಗೋದಾಮಿನಲ್ಲಿ ಇನ್ನೊಂದು ಲಾರಿ ಹಿಂದಕ್ಕೆ ಸರಿಯಿತು. ಚಾಚಾನದಲ್ಲ, ಹೊರಗಿನದು. ಚೀಲದ ಮರೆಯಲ್ಲಿ ಕೂತಿದ್ದವರು ಆ ತೆಳ್ಳನೆಯ ಹೆಂಗಸು. ಅಂದು ಬಯಲಿನಲ್ಲಿ 'ನನ್ನನ್ನೂ ನೋಡತೈತೇನ' ಎಂದು ಕೇಳಿ ನಕ್ಕವರು. ಜೀವಸಹಿತ ಆಸ್ಪತ್ರೆ ಮುಟ್ಟಲಿಲ್ಲ.

ನನಗೆ ಇದು ತಿಳಿದದ್ದು ಗಾಡಿಯಲ್ಲಿ. ಒಂದು ಬೆಳಿಗ್ಗೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಅಕ್ಕೋರು ನಿಂತಿದ್ದರು. ಹತ್ತಲು ಬಂದವರಲ್ಲ, ನನ್ನನ್ನು ಹುಡುಕಿ ಬಂದವರು. ಕಿಟಕಿಯ ಸರಳು ಹಿಡಿದು ನಿಂತು, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದರು. ಅಳಲಿಲ್ಲ. ಸೀರೆಯ ಅಂಚಿಗೆ ಕೆಂಪು ಧೂಳು ಹತ್ತಿತ್ತು.

"ನಾ ಹೋಗಿ ಟೇಪ್ ಹಿಡದ ಅಳದೇನಿ ಸರ್ರ. ಲಾರಿ ಶುರು ಆದಾಗ ಆಕಿ ಏಳ ಅಡಿ ದೂರ ಕುಂತಿದ್ದಳು. ಬರೇ ಏಳ ಅಡಿ. ನಮ್ಮ ಡಬ್ಬಿಗೆ ಕಾಣ್ತಿತ್ತು. ಗೇರ್ ಹಾಕೂ ಮೊದಲನ ಕೂಗತಿತ್ತು."

"ಅಕ್ಕೋರ..." ಎಂದೆ.

"ಅನ್ನಬ್ಯಾಡ್ರಿ. ನನ್ನ ಹಂಗ ಕರೀಬ್ಯಾಡ್ರಿ ಇನ್ನ."

ಗಾಡಿ ಹೊರಟಿತು. ಕಿಟಕಿಯ ಸರಳನ್ನು ಅವರು ಬಿಟ್ಟರು. ಮುಂದೆ ನಾನು ಅವರನ್ನು ನೋಡಲಿಲ್ಲ. ನೋಡಲು ಹೋಗಲಿಲ್ಲ ಎಂದು ಬರೆದರೆ ಸರಿ. ನಾನು ವಿಭಾಗದ ಮುಖ್ಯಸ್ಥನಾದೆ. ಮಾಸಿಕ ಪಾಸು ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದೆ, ಬ್ಯಾಡಗಿ ಸ್ಟೇಷನ್ ದಾರಿಯಲ್ಲಿ ಬಾರದಿರಲಿ ಎಂದು. ಪ್ರಿನ್ಸಿಪಾಲರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ಸನ್ಮಾನದ ದಿನ ಅವರನ್ನು ಹೊಗಳಿ ಭಾಷಣ ಮಾಡಿದವನೂ ನಾನೇ.

ಹೋದ ಭಾನುವಾರ ಬ್ಯಾಡಗಿಗೆ ಹೋದೆ. ಇಷ್ಟು ವರ್ಷ ಬಾರದ ಧೈರ್ಯ ಈಗ ಎಲ್ಲಿಂದ ಬಂತೋ... ಧೈರ್ಯವಲ್ಲ, ಸಿಟ್ಟು. ಯಾರನ್ನಾದರೂ ನಿಲ್ಲಿಸಿ ಕೂಗಿ ಹೇಳಬೇಕೆಂಬ ಸಿಟ್ಟು. ಓಣಿ ಗುರುತು ಸಿಗುವಂತಿರಲಿಲ್ಲ. ಆ ಬಯಲಿನಲ್ಲಿ ಮನೆಗಳಾಗಿವೆ. ಒಂದು ಮನೆಯ ಕಟ್ಟೆಯ ಮೇಲೆ ಚಾಚಾ ಕೂತಿದ್ದರು. ಗಡ್ಡ ಎದೆಯ ತನಕ ಇಳಿದಿತ್ತು, ಕಣ್ಣಿಗೆ ದಪ್ಪ ಕನ್ನಡಕ. ಅಕ್ಕೋರ ಮನೆ ಯಾವುದು ಎಂದು ಕೇಳಿದೆ.

"ಆಕಿ ಹೋಗಿ ನಾಕ ವರ್ಷ ಆತ್ರಿ," ಎಂದರು. "ದಮ್ಮು. ಚಿಕ್ಕಂದಿನಿಂದ ಆ ಧೂಳ ಕುಡದದ್ದು ಪುಪ್ಪಸದಾಗ ಉಳದಿತ್ತಂತ. ಆಕಿ ಅಮ್ಮ ಅದಕ್ಕೂ ಮೊದಲ ಹೋದರು."

ಕಾಲೇಜು ಬಿಟ್ಟ ಮೇಲೆ ಅಕ್ಕೋರು ಮನೆಯ ಮುಂದಿನ ಕೋಣೆಯಲ್ಲಿ ಟಿವಿ, ಮೊಬೈಲು ರಿಪೇರಿ ಮಾಡುತ್ತಿದ್ದರಂತೆ. ನೋಟ್‌ಬುಕ್ಕು ಇಲ್ಲದೆ, ನೆನಪಿನಿಂದಲೇ ಮತ್ತೆ ಅಳೆದು, ಮತ್ತೊಂದು ಯಂತ್ರ ಮಾಡಿ ಚಾಚಾನ ಲಾರಿಗೆ ಕಟ್ಟಿದ್ದರಂತೆ. ಆ ಲಾರಿ ಮಾರುವ ತನಕ ಅದು ಕೂಗುತ್ತಲೇ ಇತ್ತಂತೆ. ಬೇರೆ ಲಾರಿ ಮಾಲಕರನ್ನು ಮನೆಮನೆಗೆ ಹೋಗಿ ಕೇಳಿದರಂತೆ, ಯಾರೂ ಒಪ್ಪಲಿಲ್ಲ. ಹಾಲಿನ ಡಬ್ಬಿ ನೋಡಿ ನಕ್ಕರು. ಕಾಲೇಜಿನ ಕಾಗದ ಇದ್ದರೆ ತೋರಿಸು ಎಂದರು.

"ಕಾಗದ ಎಲ್ಲಿಂದ ತರೋಣ್ರಿ? ಕಾಗದದಾಗ ಆಕಿ ಹೆಸರ ಇರಲಿಲ್ಲ," ಎಂದರು ಚಾಚಾ.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಅವತ್ತು ಬಯಲಿಗೆ ಬಂದಿದ್ರಲ್ಲ... ಸಹಿ ಮಾಡಿದ ಸರ್ ಅಲ್ಲೇನ್ರಿ ನೀವು?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕೋರು ನನ್ನನ್ನು ಹಾಗೆಯೇ ಕರೆಯುತ್ತಿದ್ದರಂತೆ, ಅದನ್ನೇ ಅವರೂ ಅಂದರು. ಈಗ ಆ ಓಣಿಯಲ್ಲಿ ನನಗಿರುವ ಹೆಸರು ಅದೊಂದೇ. ಅದನ್ನು ಬದಲಿಸಬಲ್ಲವರು ಸತ್ತು ನಾಲ್ಕು ವರ್ಷವಾಗಿದೆ.

"ಹೌದ್ರಿ," ಎಂದೆ. "ನಾನ."

"ಕುಂದ್ರಿ," ಎಂದು ಅವರು ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು.

ನನಗೆ ಕೂರಲಾಗಲಿಲ್ಲ.